ಕೆನ್ನೆಯ ಗುಂಡಿಗೆ ಹೊಟ್ಟೆಯ ಕೊಬ್ಬು

ಜಡೆ ಹಾಕುವಾಗ ಮೊದಲು ಕಣ್ಣಿಗೆ ಬೀಳುವುದು ತಾಯಿಗೆ. ಬೈತಲೆಯ ಪಕ್ಕ ಬೆರಳಗಲದ ಒಂದು ಪಟ್ಟಿ. ಅಲ್ಲಿ ಕೂದಲು ತೆಳ್ಳಗಾಗಿದೆ, ಚರ್ಮ ಎಣ್ಣೆ ಸವರಿದಂತೆ ಮಿರುಗುತ್ತಿದೆ. ಕೆಲವು ತಿಂಗಳಲ್ಲಿ ಪಟ್ಟಿ ಹಣೆಗಿಳಿಯುತ್ತದೆ. ತೊನ್ನಿರಬಹುದೇ ಎಂಬ ಹೆದರಿಕೆಯಲ್ಲಿ ಮನೆಯವರು ನಾಲ್ಕು ದಿನ ನಿದ್ದೆಗೆಡುತ್ತಾರೆ. ಯಾರೋ ಹುಳುಕಡ್ಡಿ ಎಂದರೆ ಅಷ್ಟಕ್ಕೇ ಸಮಾಧಾನಪಟ್ಟು ಮೆಡಿಕಲ್ ಶಾಪಿನಿಂದ ಟ್ಯೂಬು ತರುತ್ತಾರೆ. ನೋವಿಲ್ಲ, ಜ್ವರವಿಲ್ಲ, ಹಾಗಾಗಿ ಅವಸರವೂ ಇಲ್ಲ. ಎರಡು ವರ್ಷದ ನಂತರ ಬೆರಳಾಡಿಸಿದರೆ ಹಣೆಯ ಮೇಲೆ ನೇಗಿಲು ಎಳೆದಂಥ ಸಾಲು. ಒತ್ತಿದರೆ ಚರ್ಮದಡಿ ಮೆತ್ತಗಿನದು ಏನೂ ಸಿಗುವುದಿಲ್ಲ, ನೇರ ಮೂಳೆ.

ಫ್ರೆಂಚ್ ವೈದ್ಯರು ಈ ಗುರುತಿಗೆ 'ಆಂ ಕೂ ದ ಸಾಬ್ರ್', ಅಂದರೆ ಕತ್ತಿಯೇಟು, ಎಂದು ಹೆಸರಿಟ್ಟರು. ಕತ್ತಿ ಬೀಸಿದ್ದು ಮಾತ್ರ ಹೊರಗಿನ ಶತ್ರುವಲ್ಲ, ದೇಹದ್ದೇ ಕಾವಲು ಪಡೆ. ಸ್ಕ್ಲೀರೋಡರ್ಮಾ ಎಂದರೆ ಗಟ್ಟಿ ಚರ್ಮ. ಅದು ಒಂದೆರಡು ಜಾಗಕ್ಕೆ ಸೀಮಿತವಾದಾಗ ಮಾರ್ಫಿಯ ಎನ್ನುತ್ತಾರೆ (ನೋವಿನ ಔಷಧಿ ಮಾರ್ಫಿನ್‌ಗೂ ಇದಕ್ಕೂ ಸಂಬಂಧವಿಲ್ಲ). ಗೆರೆಯಂತೆ ಹರಿಯುವ ಬಗೆ ಮಕ್ಕಳಲ್ಲೇ ಹೆಚ್ಚು. ರೋಗನಿರೋಧಕ ಕೋಶಗಳು ಚರ್ಮದ ಸಣ್ಣ ರಕ್ತನಾಳಗಳ ಸುತ್ತ ಜಮಾಯಿಸಿ, ಕೊಲಾಜೆನ್ ನೇಯುವ ಕೋಶಗಳನ್ನು ಬಿಡುವಿಲ್ಲದೆ ಕೆರಳಿಸುತ್ತವೆ. ಕೊಲಾಜೆನ್ ಪದರ ಪದರವಾಗಿ ಕೂರುತ್ತದೆ, ಕೆಳಗಿದ್ದ ಕೊಬ್ಬು ಕರಗುತ್ತದೆ. ಉರಿಯೂತ ತಣಿದ ಮೇಲೆ ಗಡಸುತನ ಎಷ್ಟೋ ಇಳಿಯಬಹುದು. ಹೋದ ಕೊಬ್ಬು ಮಾತ್ರ ತಾನಾಗಿ ಮರಳುವುದಿಲ್ಲ. ಬೆಳೆಯುವ ಮಗುವಾದರೆ ಸ್ನಾಯು, ದವಡೆಯ ಮೂಳೆ ಕೂಡ ಆ ಬದಿಯಲ್ಲಿ ಹಿಂದುಳಿಯುತ್ತವೆ.

ಇದರ ನಂಟಸ್ತಿಕೆಯ ಇನ್ನೊಂದು ಕಾಯಿಲೆ ಮುಖದ ಅರ್ಧವನ್ನೇ ಒಣಗಿಸುತ್ತದೆ. ಇಂಗ್ಲೆಂಡಿನ ಬಾತ್ ಊರಿನ ವೈದ್ಯ ಕೇಲೆಬ್ ಪ್ಯಾರಿಯ ಟಿಪ್ಪಣಿಗಳು ಅವನು ತೀರಿಕೊಂಡ ಮೇಲೆ 1825ರಲ್ಲಿ ಅಚ್ಚಾದವು. ಬರ್ಲಿನ್ನಿನ ಮೊರಿಟ್ಸ್ ರೋಂಬರ್ಗ್ 1846ರಲ್ಲಿ ವಿವರವಾಗಿ ಬರೆದ. ಹಾಗಾಗಿ ಅದು ಪ್ಯಾರಿ-ರೋಂಬರ್ಗ್. ಇಲ್ಲಿ ಮೇಲಿನ ಚರ್ಮ ಬಹುಪಾಲು ಮೆತ್ತಗೇ ಇರುತ್ತದೆ, ಒಳಗಿನದು ಖಾಲಿಯಾಗುತ್ತದೆ. ಎರಡೂ ಒಂದೇ ಕಾಯಿಲೆಯ ಎರಡು ಮುಖಗಳೇ ಎಂಬ ವಾದ ಇನ್ನೂ ಮುಗಿದಿಲ್ಲ. ಒಬ್ಬರಲ್ಲೇ ಎರಡೂ ಕಾಣುವುದುಂಟು. ಮೂರ್ಛೆ, ತಲೆಶೂಲೆ, ಕಣ್ಣಿನೊಳಗಿನ ಉರಿಯೂತ ಕೂಡ ಜೊತೆಗೆ ಬರಬಹುದಾದ್ದರಿಂದ ಮೆದುಳಿನ ಎಂಆರ್‌ಐ, ಕಣ್ಣಿನ ತಪಾಸಣೆ ಆಗದೆ ಮುಖದ ಅಂದದ ಮಾತೆತ್ತುವುದು ತಪ್ಪು. ದೇಹ ತನ್ನ ಮೇಲೇ ತಿರುಗಿಬೀಳುವ ಇನ್ನೊಂದು ಕಾಯಿಲೆ ಲೂಪಸ್. ಅದರ ಒಂದು ಬಗೆ ಚರ್ಮದಡಿಯ ಕೊಬ್ಬಿಗೇ ಇಳಿದು ಕೆನ್ನೆ, ತೋಳುಗಳಲ್ಲಿ ಗಂಟು ಎಬ್ಬಿಸಿ ಕೊನೆಗೆ ಹಳ್ಳ ಬಿಟ್ಟು ಹೋಗುತ್ತದೆ. ಅದನ್ನು 1883ರಲ್ಲೇ ವಿಯೆನ್ನಾದ ಕಪೋಸಿ ಗುರುತಿಸಿದ್ದ. ಇಡೀ ಮೈಗೆ ಹಬ್ಬುವ ಸ್ಕ್ಲೀರೋಡರ್ಮಾದಲ್ಲಿ ತುಟಿ ತೆಳುವಾಗಿ, ಬಾಯಿ ಹುರಿ ಎಳೆದ ಚೀಲದಂತೆ ಸುಕ್ಕುಗಟ್ಟುತ್ತದೆ. ಮುದ್ದೆಯ ತುತ್ತು ಚಿಕ್ಕದಾಗುತ್ತ ಹೋಗುತ್ತದೆ. ದಂತವೈದ್ಯರ ಕನ್ನಡಿ ಒಳಗೆ ತೂರುವುದಿಲ್ಲ.

ಈ ಹಳ್ಳಗಳನ್ನು ತುಂಬುವ ಆಸೆ ಹಳೆಯದು. 1893ರಲ್ಲಿ ಜರ್ಮನಿಯ ಗುಸ್ತಾವ್ ನಾಯ್ಬರ್ ಎಂಬ ಶಸ್ತ್ರವೈದ್ಯ ತೋಳಿನಿಂದ ಕೊಬ್ಬಿನ ಚೂರುಗಳನ್ನು ತೆಗೆದು ಕಣ್ಣಿನ ಕೆಳಗೆ ಒಳಸೇದಿದ್ದ ಕಲೆಯೊಂದರ ಅಡಿಯಲ್ಲಿಟ್ಟ. ಅವನು ಹೇಳಿದ ಒಂದು ಮಾತು ಇಡೀ ವಿದ್ಯೆಯ ಬೀಜಮಂತ್ರ: ಚೂರು ಸಣ್ಣದಿರಬೇಕು, ಬಾದಾಮಿಗಿಂತ ದೊಡ್ಡದಾದರೆ ಬದುಕುವುದಿಲ್ಲ. ಮುಂದಿನ ನೂರು ವರ್ಷ ಈ ಮಾತನ್ನು ಮರೆಯುವುದು, ಮತ್ತೆ ಎಡವಿ ನೆನಪಿಸಿಕೊಳ್ಳುವುದು, ಇದೇ ಕೊಬ್ಬಿನ ಕಸಿಯ ಚರಿತ್ರೆ ಎಂದು ನನಗನ್ನಿಸುತ್ತದೆ.

ಸುಲಭದ ದಾರಿ ಹುಡುಕಿದವರಿಗೆ ಕೊರತೆಯಿರಲಿಲ್ಲ. 1899ರಲ್ಲಿ ವಿಯೆನ್ನಾದ ಗೆರ್ಸುನಿ ಕರಗಿಸಿದ ಪ್ಯಾರಾಫಿನ್ ಮೇಣ ಚುಚ್ಚಿದ. ನಾಲ್ಕು ದಿನ ಚೆಂದ, ಆಮೇಲೆ ಗಂಟು, ಕೀವು, ಮೇಣ ಜಾರಿ ಬೇರೆಲ್ಲೋ ಕೂರುವುದು. ಬರ್ಲಿನ್ನಿನ ಹೊಲೆಂಡರ್ ಕಳೆದ ಶತಮಾನದ ಆರಂಭದಲ್ಲಿ ಮನುಷ್ಯರ ಕೊಬ್ಬಿಗೆ ಟಗರಿನ ಕೊಬ್ಬು ಬೆರೆಸಿ ಮುಖಕ್ಕೆ ಚುಚ್ಚಿ ನೋಡಿದ. ಮನುಷ್ಯರದು ಮಾತ್ರವಾದರೆ ಬೇಗ ಕರಗಿಬಿಡುತ್ತದೆ ಎಂಬುದು ಅವನ ಲೆಕ್ಕ. 1960ರ ದಶಕದಲ್ಲಿ ದ್ರವ ಸಿಲಿಕೋನ್ ಬಂತು, ರೋಂಬರ್ಗ್ ರೋಗಿಗಳ ಕೆನ್ನೆಯನ್ನೂ ಸೇರಿತು. ಅದರಲ್ಲೂ ಮೇಣದ ಕತೆಯೇ ಮರುಕಳಿಸಿತು.

ಇನ್ನೊಂದು ದಾರಿ, ಬೇರು ಸಮೇತ ಕಿತ್ತು ನೆಡುವುದು. ಈ ವಿದ್ಯೆಗೆ ನಮ್ಮ ಕಡೆಯದೇ ಒಂದು ನೆನಪಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ. ಪುಣೆಯ ಕಡೆ ಅವನ ಹಣೆಯ ಚರ್ಮವನ್ನು ಬುಡ ಕತ್ತರಿಸದೆ ತಿರುಗಿಸಿ ಹೊಸ ಮೂಗು ಮಾಡಿದರು. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್ ಆ ಸುದ್ದಿಯನ್ನು ಚಿತ್ರ ಸಮೇತ ಅಚ್ಚುಹಾಕಿತು. ಬುಡ ಉಳಿದರೆ ರಕ್ತ ಉಳಿಯುತ್ತದೆ, ರಕ್ತ ಉಳಿದರೆ ಮಾಂಸ ಉಳಿಯುತ್ತದೆ. ಮೈಕ್ರೋಸ್ಕೋಪ್ ಕೆಳಗೆ ಕೂದಲೆಳೆಯಂಥ ದಾರದಲ್ಲಿ ನಾಳಕ್ಕೆ ನಾಳ ಹೊಲಿಯುವುದು ಸಾಧ್ಯವಾದ ಮೇಲೆ ಬೆನ್ನಿನ ಹಲಗೆಯಿಂದಲೋ ತೊಡೆಯಿಂದಲೋ ಕೊಬ್ಬಿನ ದೊಡ್ಡ ತಟ್ಟೆಯನ್ನೇ ರಕ್ತನಾಳದ ಜೊತೆ ತಂದು ಕೆನ್ನೆಯೊಳಗೆ ಕೂರಿಸತೊಡಗಿದರು. ಅರ್ಧ ಮುಖವೇ ಬತ್ತಿದವರಿಗೆ ಇಂದಿಗೂ ಇದು ಬೇಕಾಗಬಹುದು. ಆದರೆ ಅದು ದಿನವಿಡೀ ನಡೆಯುವ ಶಸ್ತ್ರಚಿಕಿತ್ಸೆ, ಬೆನ್ನಿಗೊಂದು ಉದ್ದ ಗಾಯದ ಗುರುತು. ಕೆನ್ನೆ ದಿಂಬಿನಂತೆ ಉಬ್ಬಿ, ಕೆಲವೊಮ್ಮೆ ಜೋತುಬಿದ್ದು, ಮತ್ತೆ ಕೆತ್ತಿ ಸರಿಮಾಡಬೇಕಾಗುತ್ತದೆ. ಹಣೆಯ ಬೆರಳಗಲದ ಸಾಲಿಗೆ ಇಷ್ಟು ದೊಡ್ಡ ಸಾಹಸ ಯಾರೂ ಮಾಡಲಾರರು.

ಸಣ್ಣ ಚೂರಿನ ಹಾದಿಗೆ ಮರಳಲು ಎರಡು ಸಂಗತಿ ಬೇಕಾದವು. ಒಂದು, 1950ರಲ್ಲಿ ಅಮೆರಿಕದ ಲಿಂಡನ್ ಪಿಯರ್ ಅಳೆದು ತೋರಿಸಿದ ಲೆಕ್ಕ: ಇಟ್ಟ ಕೊಬ್ಬಿನ ತೂಕ ವರ್ಷದೊಳಗೆ ಸರಿಸುಮಾರು ಅರ್ಧವಾಗುತ್ತದೆ. ನಿರಾಸೆಯ ಲೆಕ್ಕವೇ, ಆದರೂ ಅರ್ಧ ಬದುಕುತ್ತದೆ ಎಂಬುದೂ ಅದರಲ್ಲೇ ಇತ್ತು. ಎರಡನೆಯದು, 1970ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಇಲ್ಲೂಸ್ ಮೊಂಡುಮೂತಿಯ ಕೊಳವೆಯಿಂದ ಕೊಬ್ಬು ಹೀರುವ ಲೈಪೋಸಕ್ಷನ್ ಅನ್ನು ಪಳಗಿಸಿದ್ದು. ಕೊಬ್ಬು ಈಗ ಬಾಟಲಿಗಟ್ಟಲೆ ಸಿಗತೊಡಗಿತು. ಸಿಕ್ಕಿದ್ದನ್ನು ಹಾಗೇ ದಪ್ಪ ಸೂಜಿಯಲ್ಲಿ ಒತ್ತಿದವರ ಕೈಲಿ ಅದು ಎಣ್ಣೆಯಾಗಿ ಕರಗಿಹೋಯಿತು, ವಿದ್ಯೆಗೇ ಕೆಟ್ಟ ಹೆಸರು ಬಂತು. ಕೆಟ್ಟ ಹೆಸರು ತೊಳೆದವನು ನ್ಯೂಯಾರ್ಕಿನ ಸಿಡ್ನಿ ಕೋಲ್‌ಮನ್. 1980ರ ದಶಕದ ಕೊನೆಯಿಂದ ಅವನು ಮಾಡಿದ್ದು ಹೊಸ ಶೋಧವೇನಲ್ಲ, ನಾಯ್ಬರನ ಮಾತನ್ನು ಅಕ್ಷರಶಃ ಪಾಲಿಸಿದ್ದು.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಹೊಕ್ಕುಳ ಕೆಳಗೋ ತೊಡೆಯ ಒಳಬದಿಗೋ ಮೊದಲು ಲವಣದ ನೀರು, ಮರಗಟ್ಟಿಸುವ ಮದ್ದು, ರಕ್ತ ತಡೆಯುವ ಅಡ್ರಿನಲಿನ್ ಬೆರೆಸಿ ತುಂಬುತ್ತಾರೆ. ಅಕ್ಕಿಕಾಳಗಲದ ತೂತಿನಿಂದ ಕ್ಯಾನುಲಾ ಎಂಬ ತೆಳು ಕೊಳವೆ ಒಳಗೆ ಹೋಗುತ್ತದೆ. ಯಂತ್ರದ ಅಬ್ಬರವಿಲ್ಲ, ಹತ್ತು ಮಿ.ಲೀ. ಸಿರಿಂಜಿನ ಹಿಡಿಯನ್ನು ಬೆರಳಲ್ಲೇ ಎಳೆದು ಹಿಡಿದು ಕೈ ಹಿಂದೆ ಮುಂದೆ ಆಡುತ್ತದೆ. ಬರುವುದು ಕೆಂಪು ಕಲಸಿದ ಹಳದಿ ದ್ರವ. ಅದನ್ನು ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಮೂರು ನಿಮಿಷ ತಿರುಗಿಸುತ್ತಾರೆ. ಸಿರಿಂಜನ್ನು ಬೆಳಕಿಗೆ ಹಿಡಿದರೆ ಮೂರು ಪದರ ಕಾಣುತ್ತವೆ: ಮೇಲೆ ಒಡೆದ ಕೋಶಗಳ ತಿಳಿ ಎಣ್ಣೆ, ತಳದಲ್ಲಿ ರಕ್ತ ಬೆರೆತ ನೀರು, ನಡುವೆ ಆಗತಾನೆ ಕಡೆದ ಹಸುವಿನ ಬೆಣ್ಣೆಯ ಬಣ್ಣದ ಕೊಬ್ಬು. ಎಣ್ಣೆಯನ್ನು ಬತ್ತಿಯಿಂದ ಹೀರಿಸಿ, ನೀರು ಹರಿಯಬಿಟ್ಟು, ನಡುವಿನದನ್ನು ಒಂದು ಮಿ.ಲೀ. ಸಿರಿಂಜುಗಳಿಗೆ ತುಂಬುತ್ತಾರೆ.

ನಂತರದ್ದು ನಾಟಿ. ಬೇರೆ ಹೋಲಿಕೆ ನನಗೆ ತೋಚುತ್ತಿಲ್ಲ. ಗದ್ದೆಗೆ ಅಗೆಯನ್ನು ಹೊರೆಯಾಗಿ ಎಸೆದರೆ ಕೊಳೆಯುತ್ತದೆ. ಎರಡೆರಡು ಕಡ್ಡಿ ಬಿಡಿಸಿ, ಅಂತರ ಬಿಟ್ಟು ಊರಬೇಕು. ಕ್ಯಾನುಲಾವನ್ನು ಒಳಗೆ ತಳ್ಳುವಾಗ ಏನೂ ಬಿಡುವುದಿಲ್ಲ. ಹಿಂದಕ್ಕೆ ಎಳೆಯುವಾಗ ಮಾತ್ರ ಒಂದು ಮಿ.ಲೀ.ಯ ಹತ್ತನೇ ಒಂದಂಶಕ್ಕಿಂತ ಕಡಿಮೆ ಕೊಬ್ಬನ್ನು ಗೆರೆಯಂತೆ ಬಿಡುತ್ತಾರೆ. ಮೂಳೆಯ ಹತ್ತಿರ ಒಂದು ಪದರ, ಸ್ನಾಯುವಿನ ಮಟ್ಟದಲ್ಲಿ ಒಂದು, ಚರ್ಮದಡಿ ಒಂದು, ಅಡ್ಡಡ್ಡ, ಉದ್ದುದ್ದ. ಹಣೆಯ ಸಾಲಿಗೆ ನಾಲ್ಕೈದು ಮಿ.ಲೀ. ಸಾಕಾಗಬಹುದು, ಆದರೂ ನೂರು ಸಲ ಕೈಯಾಡಬೇಕು. ಯಾಕೆಂದು 2012ರಲ್ಲಿ ಟೋಕಿಯೋದ ಯೋಶಿಮುರಾ ತಂಡ ಇಲಿಗಳಲ್ಲಿ ತೋರಿಸಿತು. ನಾಳವಿಲ್ಲದ ಕೊಬ್ಬಿಗೆ ಆಮ್ಲಜನಕ ಸುತ್ತಲಿಂದ ಜಿನುಗಿಯೇ ಬರಬೇಕು. ಅಂಚಿನಿಂದ ಸುಮಾರು 0.3 ಮಿ.ಮೀ. ಒಳಗಿನ ಕೋಶಗಳಷ್ಟೇ ಬದುಕಿದವು. ಅದರಾಚೆಯ ಕೊಬ್ಬಿನ ಕೋಶಗಳು ಸತ್ತರೂ ಅವುಗಳ ನಡುವಿನ ಗಟ್ಟಿಜೀವದ ಕಾಂಡಕೋಶಗಳು (ಸ್ಟೆಮ್ ಸೆಲ್) ತಡೆದುಕೊಂಡು ಹೊಸ ಕೊಬ್ಬಿನ ಕೋಶಗಳಾಗಿ ಹುಟ್ಟಿದವು. ತೀರ ನಡುವಿನದು ಬರೀ ಶವ. ಅಂದರೆ ವರ್ಷದ ಮೇಲೆ ಕೆನ್ನೆಯಲ್ಲಿ ಉಳಿದಿರುವುದರಲ್ಲಿ ಒಂದು ಪಾಲು ನಾವು ನೆಟ್ಟ ಪೈರು, ಇನ್ನೊಂದು ಪಾಲು ಅದರ ಬುಡದಿಂದ ಎದ್ದ ಕೂಳೆ.

ಇಲ್ಲಿಯವರೆಗಿನದು ಎಲ್ಲ ಮುಖಗಳಿಗೂ ಅನ್ವಯಿಸುವ ಮಾತು. ವಯಸ್ಸಿನಿಂದ ಇಳಿದ ಕೆನ್ನೆಗೂ ಕಾಯಿಲೆ ತಿಂದ ಕೆನ್ನೆಗೂ ನೆಲದಲ್ಲಿ ವ್ಯತ್ಯಾಸವಿದೆ. ಮಾರ್ಫಿಯ ಬಂದುಹೋದ ಹಣೆಯಲ್ಲಿ ಚರ್ಮ ಮೂಳೆಗೆ ಅಂಟಿಕೊಂಡಿರುತ್ತದೆ, ರಕ್ತನಾಳಗಳು ವಿರಳ. ಮೊದಲು ಚೂಪು ಸೂಜಿಯಿಂದ ಅಂಟನ್ನು ಅಲ್ಲಲ್ಲಿ ಬಿಡಿಸಿ ಜಾಗ ಮಾಡಬೇಕು. ಹೆಚ್ಚು ಬಿಡಿಸಿದರೆ ಟೊಳ್ಳು ಉಳಿದು ಕೊಬ್ಬು ಅದರಲ್ಲಿ ಕೆರೆಯಂತೆ ನಿಲ್ಲುತ್ತದೆ, ಅದೂ ಕೊಳೆಯುತ್ತದೆ. ಆದ್ದರಿಂದ ಒಂದೇ ಸಲಕ್ಕೆ ಮುಗಿಸುವ ಆಸೆ ಬಿಟ್ಟು ಕೆಲವು ತಿಂಗಳ ಅಂತರದಲ್ಲಿ ಎರಡು ಮೂರು ಸಲ ಮಾಡುತ್ತಾರೆ. ಮೊದಲ ಕಂತು ಹಳ್ಳ ತುಂಬಿದ್ದಕ್ಕಿಂತ ನೆಲ ಹದಮಾಡಿದ್ದೇ ಹೆಚ್ಚು. ಚರ್ಮದ ಕಂದು ಬಣ್ಣ ಇದರಿಂದ ಪೂರ್ತಿ ಹೋಗುವುದಿಲ್ಲ, ಬೋಳಾದ ಬೈತಲೆಯಲ್ಲಿ ಕೂದಲು ಹುಟ್ಟುವುದಿಲ್ಲ, ಕುಗ್ಗಿದ ದವಡೆ ಉದ್ದವಾಗುವುದಿಲ್ಲ. ಮೊದಲ ಭೇಟಿಯಲ್ಲೇ ಹೇಳಬೇಕಾದ ಮಾತುಗಳಿವು, ಹೇಳದೆ ಉಳಿಸುವವರೂ ಇದ್ದಾರೆ.

ಎಷ್ಟು ನಿಲ್ಲುತ್ತದೆ? ಪುಸ್ತಕಗಳಲ್ಲಿ ಸಿಗುವ ಉತ್ತರ ಶೇ. 20ರಿಂದ 80, ಉತ್ತರ ಎನ್ನುವುದಕ್ಕಿಂತ ಕೈಚೆಲ್ಲಿದ್ದು. ಕೊರಿಯಾದಲ್ಲಿ 20 ರೋಗಿಗಳ ಮುಖದ ಗೆರೆಗಳಿಗೆ ಕೊಬ್ಬು ತುಂಬಿದವರು 2008ರಲ್ಲಿ ವರದಿ ಮಾಡಿದಂತೆ ಹಣೆಯಲ್ಲಿ ಫಲ ಚೆನ್ನಾಗಿತ್ತು, ಗಲ್ಲದಲ್ಲಿ ಕಳಪೆ. ಗಲ್ಲ, ತುಟಿ ದಿನವಿಡೀ ಅಲುಗುತ್ತವೆ. ಅಗೆ ಬೇರು ಹಿಡಿಯುವ ಮೊದಲೇ ಗದ್ದೆ ತುಳಿದಂತೆ. ಅಲ್ಲಿಯದೇ ಇನ್ನೊಂದು ತಂಡ 2012ರಲ್ಲಿ ರೋಂಬರ್ಗ್‌ನ ಹತ್ತು ಜನರಲ್ಲಿ ಐವರಿಗೆ ಬರೀ ಕೊಬ್ಬು, ಐವರಿಗೆ ಕಾಂಡಕೋಶ ಬೆರೆಸಿದ ಕೊಬ್ಬು ಕೊಟ್ಟು ಸಿಟಿ ಸ್ಕ್ಯಾನಿನಲ್ಲಿ ಅಳೆಯಿತು. ಮೊದಲ ಗುಂಪಿನಲ್ಲಿ ಶೇ. 47ರಷ್ಟು, ಎರಡನೆಯದರಲ್ಲಿ ಶೇ. 21ರಷ್ಟು ಕರಗಿತ್ತು. ಐವರಿಗೆ ಐವರು. ಆಸೆ ಹುಟ್ಟಿಸಲು ಸಾಕು, ಅಂಗಡಿ ತೆರೆಯಲು ಸಾಲದು.

ಅಂಗಡಿಗಳು ಮಾತ್ರ ತೆರೆದವು. 2001ರಲ್ಲಿ ಲಾಸ್ ಏಂಜಲೀಸ್‌ನ ಪೆಟ್ರೀಷಿಯಾ ಝುಕ್ ಮತ್ತು ಸಂಗಡಿಗರು ಹೀರಿ ತೆಗೆದ ಕೊಬ್ಬಿನಲ್ಲಿ ಕಾಂಡಕೋಶಗಳನ್ನು ತೋರಿಸಿದ ಮೇಲೆ, ಕಸದ ಬಕೆಟ್ಟಿಗೆ ಹೋಗುತ್ತಿದ್ದದ್ದು ಸಂಜೀವಿನಿಯಾಯಿತು. ಈ ಕೋಶಗಳು ಉರಿಯೂತ ತಣಿಸುತ್ತವೆ, ಹೊಸ ನಾಳ ಹುಟ್ಟಿಸುತ್ತವೆ, ಗಟ್ಟಿ ಚರ್ಮ ಮೆತ್ತಗಾಗಿಸುತ್ತವೆ ಎಂಬ ಮಾತಿಗೆ ಆಧಾರವಿಲ್ಲ ಎನ್ನಲಾಗದು. ಮಿಲಾನಿನ ಡೆಲ್ ಪಾಪಾ ತಂಡ 2015ರಲ್ಲಿ ಸ್ಕ್ಲೀರೋಡರ್ಮಾದ 20 ರೋಗಿಗಳ ಬಾಯಿಯ ಸುತ್ತ ಕೊಬ್ಬು ತುಂಬಿದಾಗ ಬಾಯಿ ಹೆಚ್ಚು ತೆರೆಯಿತು, ಚರ್ಮದ ಚೂರಿನಲ್ಲಿ ಹೊಸ ನಾಳಗಳೂ ಕಂಡವು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯವರು 2019ರಲ್ಲಿ 62 ರೋಗಿಗಳ ವರದಿ ಕೊಟ್ಟರು; ಉಣ್ಣುವ, ಹಲ್ಲುಜ್ಜುವ ತೊಂದರೆ ಕಡಿಮೆಯಾಗಿತ್ತು. ಎರಡರಲ್ಲೂ ಹೋಲಿಸಲು ಸುಳ್ಳು ಚಿಕಿತ್ಸೆ ಪಡೆದ ಗುಂಪು ಇರಲಿಲ್ಲ. ಅಂಥ ಗುಂಪು ಇಟ್ಟು ಪರೀಕ್ಷೆ ನಡೆದದ್ದು ಮುಖಕ್ಕಲ್ಲ, ಇದೇ ಕಾಯಿಲೆ ಸೆಟೆದ ಕೈಬೆರಳುಗಳಿಗೆ. ಅಮೆರಿಕದಲ್ಲಿ 88 ಜನ, ಫ್ರಾನ್ಸಿನಲ್ಲಿ 40 ಜನ. ಎಲ್ಲರಿಂದಲೂ ಕೊಬ್ಬು ತೆಗೆದು, ಕೆಲವರ ಬೆರಳಿಗೆ ಕೊಬ್ಬಿನ ಕೋಶ, ಉಳಿದವರಿಗೆ ಹುಸಿ ಮದ್ದು. ಎರಡು ಕಡೆಯೂ ಎರಡೂ ಗುಂಪಿನವರು ಸುಧಾರಿಸಿದರು, ಕೋಶ ಪಡೆದವರು ಮೇಲೆಂದು ಖಚಿತವಾಗಿ ತೋರಿಸಲಾಗಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಈ ವಿಷಯದಲ್ಲಿ ಬಿಗಿಯಾಗಿಯೇ ಇದೆ: ರಕ್ತದ ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟರೆ ಕಾಂಡಕೋಶದ ಚಿಕಿತ್ಸೆ ಅನುಮತಿ ಪಡೆದ ಪ್ರಯೋಗದೊಳಗೇ ನಡೆಯಬೇಕು. ಬೆಂಗಳೂರಿನಲ್ಲಿ ಯಾರಾದರೂ ಹಣ ಕಟ್ಟಿಸಿಕೊಂಡು ಮುಖಕ್ಕೆ 'ಸ್ಟೆಮ್ ಸೆಲ್ ಪ್ಯಾಕೇಜ್' ಮಾರಿದರೆ ಈ ಸಾಲನ್ನು ಮುಂದಿಟ್ಟು ಕೇಳಬಹುದು.

ಕೊಬ್ಬು ಕಾಯಿಲೆಯನ್ನೇ ನಿಲ್ಲಿಸುತ್ತದೆ ಎಂಬ ಇನ್ನೂ ದೊಡ್ಡ ಮಾತು ಕೇಳಿಬರುತ್ತದೆ. ಇಲ್ಲಿ ನನಗೆ ಅನುಮಾನ. ರೋಂಬರ್ಗ್ ಕೆಲವು ವರ್ಷ ಉರಿದು ತಾನೇ ಆರುವ ಕಾಯಿಲೆ. ಆರುವ ಹೊತ್ತಿಗೇ ಶಸ್ತ್ರಚಿಕಿತ್ಸೆ ನಡೆದಿದ್ದರೆ ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋದಂತೆ. ಉರಿ ಆರಿಸಲು ಸಾಬೀತಾದ ದಾರಿ ಮದ್ದಿನದು. ಇಟಲಿಯ ಝೂಲಿಯಾನ್ ಮತ್ತಿತರರು 2011ರಲ್ಲಿ ಮಾರ್ಫಿಯ ಇದ್ದ 70 ಮಕ್ಕಳಲ್ಲಿ ಪರೀಕ್ಷಿಸಿದರು. ಎಲ್ಲರಿಗೂ ಮೊದಲ ಮೂರು ತಿಂಗಳು ಸ್ಟೀರಾಯ್ಡ್. ಜೊತೆಗೆ ಮೆಥೋಟ್ರೆಕ್ಸೇಟ್ ಪಡೆದವರಲ್ಲಿ ಮೂರನೇ ಒಂದು ಪಾಲಿನಷ್ಟು ಮಕ್ಕಳಿಗೆ ಕಾಯಿಲೆ ಮರುಕಳಿಸಿತು, ಹುಸಿ ಮಾತ್ರೆಯವರಲ್ಲಿ ಹತ್ತಕ್ಕೆ ಏಳು. ಹಳ್ಳ ಬೀಳುವ ಮೊದಲೇ ಇಂಥ ಉರಿಯೂತದ ಕಾಯಿಲೆಗಳ ತಜ್ಞರಾದ ರುಮಟಾಲಜಿಸ್ಟರ ಬಳಿ ಹೋಗಿದ್ದರೆ ಹಳ್ಳವೇ ಚಿಕ್ಕದಾಗುತ್ತಿತ್ತು.

ಈ ಇಡೀ ವಿಷಯದ ಗಂಟು ಇರುವುದು ಇಲ್ಲಿ: ನಾಟಿ ಯಾವಾಗ? ಹಳಬರ ನಿಯಮ, ಕಾಯಿಲೆ ಒಂದೆರಡು ವರ್ಷ ಅಲುಗದೆ ಮಲಗಿರಬೇಕು. ಉರಿಯುವ ನೆಲದಲ್ಲಿಟ್ಟ ಕೊಬ್ಬನ್ನೂ ಉರಿ ತಿನ್ನುತ್ತದೆ. ಲೂಪಸ್‌ನಲ್ಲಿ ಸೂಜಿಯ ಗಾಯವೇ ಹೊಸ ಗಂಟು ಎಬ್ಬಿಸಬಹುದಾದ್ದರಿಂದ ಅಲ್ಲಿ ಈ ನಿಯಮ ಇನ್ನೂ ಬಿಗಿ. ಇನ್ನೊಂದು ಪಂಗಡ ಕೇಳುತ್ತದೆ: ಹತ್ತು ವರ್ಷದ ಹುಡುಗಿ ಹೈಸ್ಕೂಲಿನ ಅಷ್ಟೂ ವರ್ಷ ಮುಂಗೂದಲು ಎಳೆದುಕೊಂಡು ಕೂರಬೇಕೇ? ಮದ್ದು ನಡೆಯುತ್ತಿರುವಾಗಲೇ ಸಣ್ಣ ಕಂತಿನಲ್ಲಿ ತುಂಬಿದರೆ ಚರ್ಮ ಮೂಳೆಗೆ ಅಂಟುವುದಾದರೂ ತಪ್ಪೀತು, ಅರ್ಧ ಕರಗಿದರೆ ಮತ್ತೆ ತುಂಬೋಣ. ಎರಡೂ ಕಡೆ ನ್ಯಾಯವಿದೆ. ಆದರೆ ಮದ್ದನ್ನೇ ಶುರುಮಾಡದೆ ಹಳ್ಳ ತುಂಬಲು ಹೊರಡುವವರ ಪರವಾಗಿ ನನಗೆ ಒಂದು ಮಾತೂ ಸಿಗುವುದಿಲ್ಲ. ಎಷ್ಟು ಉಳಿಯಿತು ಎಂದು ಮೂರು ಆಯಾಮದ ಕ್ಯಾಮೆರಾ ಹಿಡಿದು ಅಳೆಯುವವರು, ಯಾವಾಗ ಇಟ್ಟರೆ ಉಳಿಯುತ್ತದೆ ಎಂದು ಗುಂಪು ಮಾಡಿ ಹೋಲಿಸುವ ಗೋಜಿಗೆ ಹೋದದ್ದು ಕಡಿಮೆ.

ಅಪಾಯಗಳಲ್ಲಿ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಹುಬ್ಬುಗಳ ನಡುವೆ, ಮೂಗಿನ ಪಕ್ಕ ಹರಿಯುವ ಸಣ್ಣ ಅಪಧಮನಿಗಳು ಕಣ್ಣಿನ ನಾಳಕ್ಕೆ ಕೂಡಿಕೊಂಡಿವೆ. ಜೋರಾಗಿ ಒತ್ತಿದ ಕೊಬ್ಬಿನ ಹನಿ ಅದರೊಳಗೆ ಹೊಕ್ಕರೆ ಹಿಂದಕ್ಕೆ ಹರಿದು ಒಂದು ಕಣ್ಣು ಕತ್ತಲಾಗಬಹುದು, ಮೆದುಳಿಗೂ ಹೋಗಬಹುದು. ಅಂಗಡಿಯ ಹಯಲುರಾನಿಕ್ ಫಿಲ್ಲರ್ ಆಗಿದ್ದರೆ ಕರಗಿಸುವ ಕಿಣ್ವವಿದೆ, ಕೊಬ್ಬಿಗೆ ಇಲ್ಲ. ಮೊಂಡು ಕ್ಯಾನುಲಾ, ಹನಿ ಹನಿ, ಎಳೆಯುತ್ತಲೇ ಬಿಡುವುದು, ಇವೆಲ್ಲ ಅಂದಕ್ಕಷ್ಟೇ ಅಲ್ಲ, ಕಣ್ಣುಳಿಸಲು ಕೂಡ. ಕತ್ತಿಯೇಟಿನ ಗೆರೆ ಹಾಯುವುದೂ ಇದೇ ಹಾದಿಯಲ್ಲಿ. ಇನ್ನೊಂದು, ಅಪಾಯಕ್ಕಿಂತ ತಮಾಷೆಯದು: ಹೊಟ್ಟೆಯ ಕೊಬ್ಬು ಕೆನ್ನೆಗೆ ಬಂದರೂ ಹುಟ್ಟೂರಿನ ಬುದ್ಧಿ ಬಿಡುವುದಿಲ್ಲ. ಹತ್ತು ಕಿಲೋ ದಪ್ಪಗಾದರೆ ಆ ಒಂದು ಕೆನ್ನೆ ಹೊಟ್ಟೆಯ ಜೊತೆಗೆ ತಾನೂ ಊದುತ್ತದೆ.

ಹಣದ ಮಾತೂ ಬರಬೇಕು. ನಮ್ಮ ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಪ್ಲಾಸ್ಟಿಕ್ ಸರ್ಜರಿಯನ್ನು ಹೊರಗಿಡುವ ಒಂದು ಕಲಮು ಇದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆಗೆ ಅದರಲ್ಲಿ ವಿನಾಯಿತಿ. ಇಲ್ಲವಾದರೆ ಆರೋಗ್ಯಕ್ಕೆ ನೇರ, ತಕ್ಷಣದ ಅಪಾಯವಿದೆ ಎಂದು ವೈದ್ಯರು ಬರೆದುಕೊಡಬೇಕು. ಸ್ಕೂಟರಿನಿಂದ ಬಿದ್ದು ಹಣೆ ಕುಳಿಯಾದವನಿಗೆ ದಾರಿಯುಂಟು. ತನ್ನದೇ ದೇಹ ಹಣೆ ಕೊರೆದ ಹುಡುಗಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಅವಳಿಗೆ ತಕ್ಷಣದ ಅಪಾಯವೇನೂ ಇಲ್ಲ, ಅವಳ ಹಣೆಯಲ್ಲಿ ಒಂದು ಸಾಲಿದೆ ಅಷ್ಟೆ. ಅದು 'ಕಾಸ್ಮೆಟಿಕ್'. ಒಂದೇ ಹಳ್ಳ, ಒಂದೇ ಸೂಜಿ, ಬಿಲ್ಲಿನ ಹಣೆಬರಹ ಬೇರೆ.

ಬಲ್ಲ ಶಸ್ತ್ರವೈದ್ಯರು ಮೊದಲ ಭೇಟಿಯಲ್ಲಿ ಹಳ್ಳದ ಆಳ ಕೇಳುವುದಿಲ್ಲ, ಮೊಬೈಲು ಕೇಳುತ್ತಾರೆ. ಹೋದ ವರ್ಷದ ಯುಗಾದಿಯ ಫೋಟೋ ಇದೆಯೇ, ಅದರ ಹಿಂದಿನ ವರ್ಷದ್ದು, ಶಾಲೆಯ ಗ್ರೂಪ್ ಫೋಟೋ? ತಾಯಿ ಬೆರಳಿನಲ್ಲಿ ಹಿಂದಕ್ಕೆ ಸರಿಸುತ್ತ ಹೋಗುತ್ತಾರೆ. ಎರಡು ಬೆರಳಿನಿಂದ ಹಣೆಯನ್ನು ದೊಡ್ಡದು ಮಾಡಿ, ಗೆರೆ ಹುಬ್ಬಿನಿಂದ ಎಷ್ಟು ದೂರವಿತ್ತು, ಈಗ ಎಷ್ಟು ಎಂದು ಮೇಜಿನ ಎರಡೂ ಕಡೆಯವರು ಬಗ್ಗಿ ನೋಡುತ್ತಾರೆ. ಗೆರೆ ಜರುಗಿದ್ದರೆ ಆ ದಿನ ಬರೆದುಕೊಡುವುದು ರುಮಟಾಲಜಿ ವಿಭಾಗಕ್ಕೊಂದು ಚೀಟಿ, ಮತ್ತೆ ಆರು ತಿಂಗಳಿಗೆ ಒಂದು ತಾರೀಖು.